ಚೆನ್ನಮ್ಮ, ಚನ್ನವ್ವ, ಚೆನ್ನಮ್ಮಾಜಿ: ಹೆಸರಿನ ಮೂಲ ಯಾವುದು, ಬರೆಯೋದು ಹೇಗೆ?

ಹೇಮಾವತಿ_ಓದುಗ

ಮಗುವಿಗೆ ಮುತ್ತಜ್ಜಿಯ ಹೆಸರಿಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ಹೆಸರು ಚೆನ್ನಮ್ಮ. ಬಲ್ಲವರು ದಯವಿಟ್ಟು ತಿಳಿಸಿ. ಚೆನ್ನ ಅಂದರೆ ಬರೀ ‘ಸುಂದರ’ ಅಂತಲೇ, ಇಲ್ಲ ಅದರ ಹಿಂದೆ ದೇವರ ಹೆಸರೇನಾದರೂ ಇದೆಯೇ? ಚೆ ಸರಿಯೋ ಚ ಸರಿಯೋ? ಜನನ ಪತ್ರದಿಂದ ಪಾಸ್‌ಪೋರ್ಟ್‌ವರೆಗೆ ಮುಂದೆ ತೊಡಕಾಗದ ಹಾಗೆ ಬರೆಸೋದು ಹೇಗೆ?

ಪದಮೂಲ

ಅರ್ಥದಿಂದ ಶುರು ಮಾಡೋಣ. ‘ಚೆನ್ನಾಗಿದ್ದೀರಾ’ ಅಂತ ದಿನವೂ ಕೇಳುತ್ತೇವಲ್ಲ, ಅದೇ ಚೆನ್ನ. ಚೆನ್ನು ಅಂದರೆ ಅಂದ, ಸೊಗಸು, ಹದವಾಗಿರುವುದು. ಚೆನ್ನ ಅಂದರೆ ಚೆಲುವ, ಒಳ್ಳೆಯವ. ರೂಪವೊಂದನ್ನೇ ಹೇಳುವ ಮಾತಲ್ಲ ಇದು. ಅಡುಗೆಯೂ ಚೆನ್ನಾಗಿರುತ್ತದೆ, ಮನಸ್ಸೂ ಚೆನ್ನಾಗಿರುತ್ತದೆ. ಆದ್ದರಿಂದ ಚೆನ್ನಮ್ಮನಿಗೆ ‘ಸುಂದರಿ’ ಎಂಬ ಅರ್ಥ ಕೊಟ್ಟರೆ ಅರ್ಧ ಹೇಳಿದ ಹಾಗೆ. ‘ಒಳ್ಳೆಯ ತಾಯಿ’ ಎಂಬುದು ಹೆಚ್ಚು ಹತ್ತಿರ.

ಚೆನ್ನ + ಅಮ್ಮ, ಲೋಪಸಂಧಿ. ಒಂದು ಅ ಬಿದ್ದು ಚೆನ್ನಮ್ಮ. ಅಪ್ಪಟ ಕನ್ನಡ ಪದಗಳಾದ್ದರಿಂದ ಸವರ್ಣದೀರ್ಘ ಬರುವುದಿಲ್ಲ. ಚೆನ್ನಾಮ್ಮ ಅಂತ ಯಾರೂ ಅನ್ನುವುದಿಲ್ಲ ನೋಡಿ. ಅದೇ ಹೆಸರಿಗೆ ಸಂಸ್ಕೃತದ ‘ಅಂಬಾ’ ಹತ್ತಿದರೆ ಮಾತ್ರ ದೀರ್ಘವಾಗಿ ಚೆನ್ನಾಂಬ ಆಗುತ್ತದೆ. ಚೆಲುವಾಂಬ ಆದದ್ದೂ ಹಾಗೆಯೇ.

ತೆಲುಗಿನಲ್ಲೂ ಚೆನ್ನು, ಚೆನ್ನಯ್ಯ, ಚೆನ್ನಮ್ಮ ಇದೇ ಅರ್ಥದಲ್ಲಿವೆ. ಆದರೆ ಚಿನ್ನಮ್ಮನ ಜೊತೆ ಬೆರೆಸಬೇಡಿ. ತೆಲುಗು, ತಮಿಳುಗಳಲ್ಲಿ ಚಿನ್ನ ಅಂದರೆ ಚಿಕ್ಕ, ಹಾಗಾಗಿ ಅಲ್ಲಿನ ಚಿನ್ನಮ್ಮ ‘ಚಿಕ್ಕಮ್ಮ’. ನಮ್ಮಲ್ಲಿ ಚಿನ್ನ ಬಂಗಾರ. ಒಂದು ಎತ್ವ ಹೋಗಿ ಗುಡಿಸು ಬಂದರೆ ಹೆಸರು ಬೇರೆ, ಅರ್ಥ ಬೇರೆ. ಕೋಲಾರ, ಬಳ್ಳಾರಿ ಗಡಿ ಕಡೆ ಎರಡು ಹೆಸರೂ ಬಳಕೆಯಲ್ಲಿರುವುದರಿಂದ ಈ ಅದಲುಬದಲು ದಾಖಲೆಗಳಲ್ಲಿ ಆಗುತ್ತಲೇ ಇರುತ್ತದೆ.

ಮಲಪ್ರಭಾ_ದಂಡಿ

ನಮ್ಮ ಕಡೆ ಚನ್ನವ್ವ ಅಂತಾರ್ರೀ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟಿ, ಎಲ್ಲಾ ಕಡೆನೂ ಅವ್ವನ. ಬಸವ್ವ, ಈರವ್ವ, ನೀಲವ್ವ, ಗಂಗವ್ವ, ಅದ ಸಾಲಿನ್ಯಾಗ ಚನ್ನವ್ವ. ಪೂರಾ ಹೆಸರು ಬ್ಯಾರೆ ಇರತದ: ಚನ್ನಬಸವ್ವ, ಚನ್ನಮಲ್ಲವ್ವ, ಚನ್ನವೀರವ್ವ. ತೊಟ್ಟಿಲದಾಗ ಹಾಕಿದಾಗ ಪೂರಾ ಹೆಸರು, ಕರಿಯೂ ಮುಂದ ಚನ್ನವ್ವ, ಬೈಯೂ ಮುಂದ ಚನ್ನಿ.

ಒಂದು ಮಾತು ಗಮನಾ ಇಡ್ರಿ. ದಿನದ ಮಾತಿನ್ಯಾಗ ನಾವು ‘ಚೆನ್ನಾಗಿದೆ’ ಅನ್ನೂದಿಲ್ಲ, ‘ಚೊಲೊ ಐತಿ’ ಅಂತೀವಿ. ಚೆನ್ನ ಅನ್ನೂ ಶಬ್ದ ಬಾಯಾಗಿಂದ ಹ್ವಾದರೂ ಹೆಸರಿನ್ಯಾಗ ಉಳದದ. ಚನ್ನಪ್ಪ, ಚನ್ನವೀರ, ಚನ್ನಬಸು, ಚನ್ನವ್ವ. ಹೆಸರು ಹಳೇ ಮಾತಿನ ಕಣಜ ಇದ್ದಂಗ.

ಇನ್ನ ಹೆಸರಿಡೂ ಪದ್ಧತಿ. ಸೋದರತ್ತಿನ ಕೂಸಿಗೆ ಹೆಸರಿಡಬೇಕು. ಕೂಸಿನ ಕಿವಿ ಹತ್ತಿರ ಬಾಯಿ ತಂದು ‘ಕುರ್ರ್’ ಅಂದು ಹೆಸರು ಹೇಳತಾಳ. ಅತ್ತಿ ಹೆಸರನ್ನ ಕೂಸಿಗೆ ಇಟ್ಟಿದ್ದರ ಸೊಸಿಗೆ ತೊಡಕು, ಯಾಕಂದ್ರ ಅತ್ತಿ-ಮಾವನ ಹೆಸರು ಆಕಿ ಹಚ್ಚಿ ಕರಿಯೂ ಹಂಗಿಲ್ಲ. ಅದಕ್ಕ ಮನ್ಯಾಗ ಕರಿಯಾಕ ಮತ್ತೊಂದು ಹೆಸರು ಹುಟ್ಟತದ. ಮುಂದ ಸಾಲಿಗೆ ಹಚ್ಚೂವಾಗ ಆ ಮನಿ ಹೆಸರ ಬರಸತಾರ, ಗೊಂದಲಾ ಅಲ್ಲಿಂದ ಚಾಲೂ.

ಕಲ್ಪತರು_ನಾಡು

ಪದಮೂಲ ಅವರೇ, ಚೆನ್ನಕ್ಕೆ ‘ಕೆಂಪು’ ಮೂಲ ಅಂತ ಓದಿದ್ದೆ. ತಮಿಳಿನ ಚೆಮ್, ಚೆನ್ ಕೆಂಪಲ್ಲವೇ? ಇನ್ನು ಕೆಲವರು ಸಂಸ್ಕೃತದ ‘ಛನ್ನ’ ಅಂತಾರೆ. ಚೆನ್ನೈ ಊರಿನ ಹೆಸರೂ ಇದಕ್ಕೆ ಸೇರಿದ್ದೇ?

ಪದಮೂಲ

ಸರ್, ಮೊದಲು ಛನ್ನ. ಸಂಸ್ಕೃತದಲ್ಲಿ ಅದರ ಅರ್ಥ ‘ಮುಚ್ಚಿದ, ಮರೆಯಾದ’. ಅಕ್ಷರವೂ ಮಹಾಪ್ರಾಣ. ಅರ್ಥವೂ ಹೊಂದುವುದಿಲ್ಲ, ಉಚ್ಚಾರವೂ ಹೊಂದುವುದಿಲ್ಲ. ಛನ್ನಮ್ಮ ಅಂತ ಬರೆಯುವುದು ತಪ್ಪು.

ಕೆಂಪಿನ ಮಾತಿಗೆ ಒಂದು ಸುಲಭದ ಪರೀಕ್ಷೆ ಇದೆ. ತಮಿಳಿನಲ್ಲಿ ಇ, ಎ ಸ್ವರಗಳ ಮುಂದಿನ ಹಳೆಯ ಕಕಾರ ಚಕಾರವಾಯಿತು, ಕನ್ನಡದಲ್ಲಿ ಕಕಾರವೇ ಉಳಿಯಿತು. ನಮ್ಮ ಕಿವಿ ಅಲ್ಲಿ ಚೆವಿ, ನಮ್ಮ ಕೆಂದಾವರೆ ಅಲ್ಲಿ ಚೆಂದಾಮರೈ (ಈಗ ಸೆಂದಾಮರೈ ಅಂತ ಕೇಳಿಸುತ್ತದೆ). ಕೆಂಪಿನ ಮೂಲದಿಂದ ನೇರವಾಗಿ ಬಂದ ಕನ್ನಡ ಪದ ‘ಕೆ’ಯಿಂದ ಶುರುವಾಗಬೇಕು. ಕೆಂಪಮ್ಮ, ಕೆಂಚಮ್ಮ ಎಂಬ ಹೆಸರುಗಳು ಹಾಗೇ ಇವೆಯಲ್ಲ! ಚೆನ್ನಮ್ಮ ‘ಚೆ’ಯಲ್ಲಿ ನಿಂತಿದೆ. ಆದ್ದರಿಂದ ಕೆಂಪಮ್ಮನೂ ಚೆನ್ನಮ್ಮನೂ ಒಂದೇ ಬೇರಿನವರಲ್ಲ ಎಂಬುದು ನನ್ನ ತೀರ್ಮಾನ. ಚೆನ್ನ, ಚೆಲುವು, ಚೆಂದ ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅರ್ಥ ಸಹಜವಾಗಿ ಕೂಡುತ್ತದೆ.

ಚೆನ್ನೈಗೆ ದಾಮರ್ಲ ಚೆನ್ನಪ್ಪ ನಾಯಕನ ಹೆಸರಿನ ಚೆನ್ನಪಟ್ಟಣ ಮೂಲ ಎನ್ನುವುದು ಹೆಚ್ಚು ಪ್ರಚಲಿತವಾದ ವಿವರಣೆ. ಅದನ್ನು ಒಪ್ಪಿದರೆ ಆ ಊರಿನ ಹೆಸರಿನಲ್ಲಿರುವುದು ಇದೇ ಚೆನ್ನ.

ಶಾಸನಪ್ರಿಯ

ದೇವರ ಹೆಸರಿನ ಪ್ರಶ್ನೆಗೆ ಬರುತ್ತೇನೆ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯವೆನಿಸುವುದು ಇದೇ. ಚೆನ್ನ ಎಂಬುದು ಒಂದೇ ದೇವರ ಸೊತ್ತಲ್ಲ.

ಶೈವರ ಕಡೆ: ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಅಕ್ಕನಾಗಮ್ಮನ ಮಗ ಚೆನ್ನಬಸವಣ್ಣ, ಅವನ ಅಂಕಿತ ಕೂಡಲಚೆನ್ನಸಂಗಮದೇವ. ಶರಣರಲ್ಲಿ ಮಾದಾರ ಚೆನ್ನಯ್ಯನೂ ಇದ್ದಾನೆ.

ವೈಷ್ಣವರ ಕಡೆ: ಬೇಲೂರಿನ ಚೆನ್ನಕೇಶವ, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಅದೇ ಪ್ರಾಕಾರದಲ್ಲಿ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ. ಚೆನ್ನಿಗ ಅಂದರೂ ಚೆಲುವನೇ. ಹಾಸನದ ಕಡೆ ಚೆನ್ನಮ್ಮ, ಚೆನ್ನೇಗೌಡ ಅಂತ ಕೇಳಿದರೆ ನನ್ನ ಮನಸ್ಸು ಮೊದಲು ಬೇಲೂರಿಗೇ ಹೋಗುತ್ತದೆ. ಬೈಲಹೊಂಗಲದಲ್ಲಿ ಕೇಳಿದರೆ ಚೆನ್ನಬಸವಣ್ಣನ ಕಡೆಗೆ.

ಜೈನರ ಕಡೆ: ಗೇರುಸೊಪ್ಪೆಯ ಸಾಳುವ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂದದ್ದು ಇವಳನ್ನೇ.

ಗಂಡುದೇವರ ಹೆಸರಿಗೆ ಅಮ್ಮ ಹಚ್ಚಿ ಹೆಣ್ಣುಮಗಳಿಗೆ ಇಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಶಿವಮ್ಮ, ಮಲ್ಲಮ್ಮ, ಬಸಮ್ಮ, ರುದ್ರಮ್ಮ ಎಲ್ಲ ಹೀಗೇ ಆದವು. ಚೆನ್ನಮ್ಮನ ಹಿಂದೆ ಯಾವ ದೇವರು ಎಂಬುದು ಮನೆದೇವರನ್ನು ಕೇಳಿದರೆ ಗೊತ್ತಾಗುತ್ತದೆ. ನಿಘಂಟು ನೋಡಿದರೆ ಸಿಗುವುದಿಲ್ಲ.

ಕೊನೆಯ ಪ್ರತ್ಯಯದ ಕತೆಯೂ ಸ್ವಾರಸ್ಯವಾಗಿದೆ. ಹಳಗನ್ನಡದ ಕಾಲದಲ್ಲಿ ‘ಅಬ್ಬೆ’ ಬಲು ಬಳಕೆ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಪಂಪನ ತಾಯಿ ಅಬ್ಬಣಬ್ಬೆ, 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದ ಅತ್ತಿಮಬ್ಬೆ. ಅಬ್ಬೆ ಅಂದರೂ ತಾಯಿಯೇ. ಆಮೇಲೆ ಅಬ್ಬೆ ಹಿಂದೆ ಸರಿದು ಅವ್ವೆ, ಅವ್ವ, ಅಮ್ಮ ಮುಂದೆ ಬಂದವು. ಕೆಳದಿ ಅರಮನೆಯಲ್ಲಿ ಅಮ್ಮನ ಮೇಲೆ ಗೌರವಕ್ಕೆ ‘ಆಜಿ’ ಸೇರಿ ಚೆನ್ನಮ್ಮಾಜಿ, ವೀರಮ್ಮಾಜಿ ಆಯಿತು. ಮೈಸೂರು ಅರಮನೆಯಲ್ಲಿ ‘ಅಣ್ಣಿ’ ಸೇರಿ ಲಕ್ಷ್ಮಮ್ಮಣ್ಣಿ. ಮುಂಭಾಗ ದೇವರನ್ನೋ ಗುಣವನ್ನೋ ಹೇಳಿದರೆ ಹಿಂಭಾಗ ಊರನ್ನೂ ಮನೆತನವನ್ನೂ ಹೇಳುತ್ತದೆ.

ಹೇಮಾವತಿ_ಓದುಗ

ನಮ್ಮ ಮನೆದೇವರು ಚೆನ್ನಕೇಶವನೇ. ಈಗ ಕೂಡಿತು! ಆದರೆ ಕಿತ್ತೂರು ರಾಣಿಯ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರುವುದು ಕಾಣುತ್ತೇವೆ. ಯಾವುದು ಸರಿ?

ಶಾಸನಪ್ರಿಯ

ಎರಡೂ ಬಳಕೆಯಲ್ಲಿವೆ, ಎರಡೂ ಸರಿಯೇ. ಬೆಳಗಾವಿಯ ವಿಶ್ವವಿದ್ಯಾಲಯ 2010ರಲ್ಲಿ ಶುರುವಾದದ್ದು ‘ರಾಣಿ ಚನ್ನಮ್ಮ’ ಎಂದು. ಇಂಗ್ಲಿಷಿನಲ್ಲೂ ಸಿ-ಎಚ್-ಎ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ರೈಲು ‘ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್’, ಇಂಗ್ಲಿಷಿನಲ್ಲಿ ಸಿ-ಎಚ್-ಇ. ಒಬ್ಬಳೇ ರಾಣಿ, ಎರಡು ಕಾಗುಣಿತ.

ಊರ ಹೆಸರುಗಳಲ್ಲಿ ಚಕಾರ ಗೆದ್ದಿದೆ: ಚನ್ನಪಟ್ಟಣ, ಚನ್ನರಾಯಪಟ್ಟಣ, ಚನ್ನಗಿರಿ. ದೇವರ ಹೆಸರಿನಲ್ಲಿ ಹೆಚ್ಚಾಗಿ ಚೆಕಾರ: ಚೆನ್ನಕೇಶವ, ಚೆನ್ನಮಲ್ಲಿಕಾರ್ಜುನ. ಚಕಾರದ ಪಕ್ಕದ ಅ, ಎ ಎರಡೂ ಕನ್ನಡದ ಬಾಯಲ್ಲಿ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತವೆ. ಚಂದ–ಚೆಂದ, ಚಲುವ–ಚೆಲುವ, ಚಲ್ಲು–ಚೆಲ್ಲು ನೋಡಿ. ಮೂಲರೂಪ ಚೆನ್ನ. ಚನ್ನ ಅದರ ರೂಢಿರೂಪ.

ಹೆಸರು ಹೊತ್ತ ಇಬ್ಬರು ರಾಣಿಯರನ್ನು ಬೆರೆಸುವವರೂ ಇದ್ದಾರೆ, ಅದನ್ನೂ ಬಿಡಿಸಿಡುತ್ತೇನೆ. ಕೆಳದಿ ಚೆನ್ನಮ್ಮ ಸೋಮಶೇಖರ ನಾಯಕನ ಮಡದಿ. 1671ರಿಂದ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಇವಳು. ಕಿತ್ತೂರು ಚೆನ್ನಮ್ಮ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದವಳು, ಮಲ್ಲಸರ್ಜನ ಮಡದಿ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಅವಳು ತೀರಿಕೊಂಡಳು. ಇಬ್ಬರ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರ. ಇಬ್ಬರಿಗೂ ಸ್ವಂತ ಮಗ ಉಳಿಯದೆ ದತ್ತು ತೆಗೆದುಕೊಳ್ಳಬೇಕಾದದ್ದರಿಂದ ಕತೆಗಳು ಸುಲಭವಾಗಿ ಕಲಸಿಹೋಗುತ್ತವೆ.

ಪಂಚಾಂಗ_ನೋಟ

ಚ, ಚೆ ಎರಡೂ ಸರಿ ಅಂದಿರಿ. ಜನ್ಮನಕ್ಷತ್ರದ ಅಕ್ಷರ ನೋಡಿ ಹೆಸರಿಡುವವರಿಗೆ ಮಾತ್ರ ಎರಡೂ ಒಂದಲ್ಲ. ಅಶ್ವಿನಿಯ ನಾಲ್ಕು ಪಾದಕ್ಕೆ ಚು, ಚೆ, ಚೊ, ಲ. ರೇವತಿಯ ನಾಲ್ಕು ಪಾದಕ್ಕೆ ದೆ, ದೊ, ಚ, ಚಿ. ಅಂದರೆ ಚೆನ್ನಮ್ಮ ಅಶ್ವಿನಿ 2ನೇ ಪಾದ, ಮೇಷರಾಶಿ. ಚನ್ನಮ್ಮ ರೇವತಿ 3ನೇ ಪಾದ, ಮೀನರಾಶಿ. ಒಂದು ಎತ್ವದಲ್ಲಿ ರಾಶಿಯೇ ಬದಲು. ಜಾತಕ ಕಳೆದುಹೋಗಿ ಮುಂದೆ ಹೆಸರುಬಲದ ಮೇಲೆ ಕೂಟ ನೋಡುವಾಗ ಇದರಿಂದ ಲೆಕ್ಕ ತಪ್ಪುತ್ತದೆ. ಕಾಗದದಲ್ಲಿ ಯಾವ ಅಕ್ಷರ ಇದ್ದರೂ ಮಗುವಿನ ನಕ್ಷತ್ರ, ಪಾದ ಎರಡನ್ನೂ ಬೇರೆ ಬರೆದಿಟ್ಟುಕೊಳ್ಳಿ. ಅಕ್ಷರ ಹೊಂದದಿದ್ದರೆ ನಾಮಕರಣದಲ್ಲಿ ನಕ್ಷತ್ರನಾಮ ಒಂದು, ವ್ಯವಹಾರನಾಮ ಒಂದು ಇಡುವ ಪದ್ಧತಿ ಇದ್ದೇ ಇದೆ. ಅಕ್ಷರಕ್ಕಾಗಿ ಮುತ್ತಜ್ಜಿಯ ಹೆಸರು ಬಿಡಬೇಕಾಗಿಲ್ಲ.

ನೋಂದಣಿ_ನೆರವು

ಈಗ ಕಾಗದದ ಕೆಲಸ. ಗಡಿಬಿಡಿ ಬೇಡ, ಆದರೆ ಕ್ರಮ ತಪ್ಪಬಾರದು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಅಷ್ಟರಲ್ಲೇ ನಿಶ್ಚಯವಾಗಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯ ಫಾರಂನಲ್ಲಿ ಅವಸರಕ್ಕೆ ಏನೋ ಒಂದು ಬರೆದು ಆಮೇಲೆ ತಿದ್ದಿಸುವುದಕ್ಕಿಂತ ಖಾಲಿ ಬಿಟ್ಟು ನಾಮಕರಣದ ನಂತರ ಸೇರಿಸುವುದೇ ಮೇಲು. ತಿದ್ದುಪಡಿಗೆ 15ನೇ ಕಲಮು ಇದೆ. ಅದರಲ್ಲಿ ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಅಧಿಕಾರಿ ಸಹಿ ಹಾಕುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನ, ಸ್ಥಳಗಳ ಸಾಕ್ಷಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಈ ಪತ್ರವೇ ಆಧಾರ. ಆದ್ದರಿಂದ ಕಾಗುಣಿತ ಗಟ್ಟಿಯಾಗಬೇಕಾದದ್ದು ಇಲ್ಲಿ.

ತಪ್ಪು ಆಗುವ ಜಾಗಗಳು ಹೆಚ್ಚುಕಡಿಮೆ ಇವೇ. ಇಂಗ್ಲಿಷಿನಲ್ಲಿ ಎನ್ ಎರಡು, ಎಂ ಎರಡು ಇರಬೇಕು, ಅದರಲ್ಲಿ ಒಂದೊಂದು ಜಾರುತ್ತದೆ. ಸಿ-ಎಚ್-ಇ, ಸಿ-ಎಚ್-ಎ ಅದಲುಬದಲಾಗುತ್ತದೆ. ಉತ್ತರ ಕರ್ನಾಟಕದ ಚನ್ನವ್ವಕ್ಕೆ ಒಂದು ಕಾಗದದಲ್ಲಿ ವಿ ಎರಡು, ಇನ್ನೊಂದರಲ್ಲಿ ಡಬ್ಲ್ಯು ಎರಡು. ಅದೇ ಅಜ್ಜಿ ರೇಷನ್ ಕಾರ್ಡಿನಲ್ಲಿ ಚನ್ನವ್ವ, ಪಹಣಿಯಲ್ಲಿ ಚನ್ನಮ್ಮ, ಬ್ಯಾಂಕಿನಲ್ಲಿ ಚನ್ನಬಸವ್ವ ಆಗಿರುತ್ತಾಳೆ. ಮಾತಿನಲ್ಲಿ ಮೂರೂ ಒಂದೇ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಹೆಂಗಸರು. ವಿಧವಾ ವೇತನ, ಪೌತಿ ಖಾತೆ ನಿಲ್ಲುವುದು ಇಲ್ಲಿಯೇ. ಇದನ್ನು ನೆನೆದರೆ ಸಂಕಟವಾಗುತ್ತದೆ, ಏಕೆಂದರೆ ಆ ತಾಯಂದಿರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಹಿರಿಯರ ಕಾಗದಗಳಲ್ಲಿ ಹೀಗಿದ್ದರೆ ‘ಈ ಮೂರು ಹೆಸರಿನವರೂ ಒಬ್ಬರೇ’ ಎಂದು ಒಂದೇ ಅಫಿಡವಿಟ್ ಮಾಡಿಸಿ. ಮೂರು ರೂಪಗಳನ್ನೂ ಆಯಾ ದಾಖಲೆಯಲ್ಲಿ ಇದ್ದ ಹಾಗೆಯೇ, ಅಕ್ಷರ ಬಿಡದೆ, ದಾಖಲೆಯ ಸಂಖ್ಯೆ ಸಮೇತ ಬರೆಸಬೇಕು. ತಾವೇ ಸರಿಪಡಿಸಿ ಬರೆದರೆ ನಾಲ್ಕನೆಯ ಹೆಸರು ಹುಟ್ಟುತ್ತದೆ.

ಆಧಾರ್‌ನಲ್ಲಿ ಹೆಸರಿನ ತಿದ್ದುಪಡಿಗೆ ಜೀವಮಾನದಲ್ಲಿ ಎರಡೇ ಅವಕಾಶ. ಇಂಗ್ಲಿಷ್ ಹೆಸರು ಟೈಪ್ ಮಾಡಿದರೆ ಕನ್ನಡ ತಾನಾಗಿ ಮೂಡುತ್ತದೆ, ಅದು ಚಾನ್ನಮ್ಮ, ಚೇನ್ನಮ್ಮ ಏನಾದರೂ ಆಗಬಹುದು. ಕೊಟ್ಟ ಚೀಟಿಯಲ್ಲಿ ಇಂಗ್ಲಿಷನ್ನು ಮಾತ್ರ ನೋಡಿ ಎದ್ದು ಬರಬೇಡಿ, ಕನ್ನಡದ ಸಾಲನ್ನೂ ಅಕ್ಷರ ಅಕ್ಷರ ಓದಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಪ್ಪಿದ್ದರೆ ಎಸ್ಸೆಸ್ಸೆಲ್ಸಿಗೆ ಮುಂಚೆಯೇ ಸರಿಮಾಡಿಸಿ. ಅಂಕಪಟ್ಟಿಗೆ ಹೋದ ಮೇಲೆ ಓಡಾಟ ಜಾಸ್ತಿ.

ಕಡಲಾಚೆ_ಕನ್ನಡಿಗ

ಹೊರದೇಶದಲ್ಲಿರುವವರಿಗೆ ಒಂದು ಮಾತು ಸೇರಿಸುತ್ತೇನೆ. ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು ಇದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ, ಕೊಟ್ಟ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ‘ಹೆಸರು ಗೊತ್ತಿಲ್ಲ’ ಎಂಬುದಕ್ಕೆ ಅವರ ಸಂಕೇತ ಅದು. ಚಾಲನಾ ಪರವಾನಗಿ, ಬ್ಯಾಂಕ್, ಎಲ್ಲ ಕಡೆ ಅದೇ ಬಾಲವಾಗಿ ಬರುತ್ತದೆ. ಇನಿಷಿಯಲ್‌ಗಳನ್ನು ಬಿಡಿಸಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಮನೆತನದ ಹೆಸರಿನ ಅಂಕಣದಲ್ಲಿ ಹಾಕಿಸಿ, ಚೆನ್ನಮ್ಮ ಎಂಬುದನ್ನು ಕೊಟ್ಟ ಹೆಸರಿನ ಅಂಕಣದಲ್ಲಿ ಒಂದೇ ಪದವಾಗಿ ಬರೆಸಿ. ‘ಚೆನ್ನ’ ಬೇರೆ, ‘ಅಮ್ಮ’ ಬೇರೆ ಅಂತ ನಡುವೆ ಜಾಗ ಬಿಟ್ಟರೆ ಅಮ್ಮ ಮಧ್ಯದ ಹೆಸರಾಗುತ್ತಾಳೆ.

ಅಚ್ಚುಮೊಳೆ

ಆಹ್ವಾನ ಪತ್ರಿಕೆ, ಸ್ಮರಣಫಲಕ ಮಾಡಿಸುವವರಿಗೆ. ನುಡಿ ಕೀಲಿಮಣೆಯಲ್ಲಿ ಚೆನ್ನಮ್ಮ ಮೂಡಲು ಒತ್ತಬೇಕಾದದ್ದು ಎಂಟು ಕೀಲಿ: ಸಿ, ಇ, ಎನ್, ಎಫ್, ಎನ್, ಎಂ, ಎಫ್, ಎಂ. ಎಲ್ಲ ಸಣ್ಣಕ್ಷರ. ಶಿಫ್ಟ್ ಒತ್ತಿ ಸಿ ಹೊಡೆದರೆ ಛ ಆಗುತ್ತದೆ, ಇ ಹೊಡೆದರೆ ಚೇ ಆಗುತ್ತದೆ. ಎಫ್ ಒತ್ತು ಕೊಡುವ ಕೀಲಿ. ಅದನ್ನು ಬಿಟ್ಟರೆ ‘ಚೆನನಮಮ’. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತವಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಹುಡುಕಿದಾಗ ಹೆಸರು ಸಿಗುವುದಿಲ್ಲ.

ಅಕಾರಾದಿ ಪಟ್ಟಿಯಲ್ಲಿ ಚನ್ನಮ್ಮ ಚಕಾರದ ಆರಂಭದಲ್ಲೇ ಬರುತ್ತದೆ. ಚೆನ್ನಮ್ಮ ಬರುವುದು ಚಾ, ಚಿ, ಚೀ, ಚು, ಚೂ ಎಲ್ಲ ಮುಗಿದ ಮೇಲೆ. ಮತದಾರರ ಪಟ್ಟಿಯಾಗಲಿ ದಾನಿಗಳ ಪಟ್ಟಿಯಾಗಲಿ, ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಿ.

ವಿಭಕ್ತಿಯಲ್ಲೂ ತಪ್ಪುತ್ತಾರೆ. ‘ಚೆನ್ನಮ್ಮಳಿಗೆ, ಚೆನ್ನಮ್ಮಳ’ ಎಂದು ಪತ್ರಿಕೆಗಳಲ್ಲೂ ಬರುತ್ತದೆ. ಅಮ್ಮ, ಅಕ್ಕ, ಅವ್ವ ಕೊನೆಗಿದ್ದರೆ ನಕಾರವೇ ಬರಬೇಕು. ಅಮ್ಮನಿಗೆ, ಅಕ್ಕನ ಅಂದ ಹಾಗೆ ಚೆನ್ನಮ್ಮನಿಗೆ, ಚೆನ್ನಮ್ಮನ. ಕ್ರಿಯಾಪದ ಮಾತ್ರ ಸ್ತ್ರೀಲಿಂಗ: ಚೆನ್ನಮ್ಮ ಬಂದಳು. ಗೌರವಕ್ಕೆ ಚೆನ್ನಮ್ಮನವರು ಬಂದರು.

ಹೇಮಾವತಿ_ಓದುಗ

ಎಲ್ಲರಿಗೂ ಋಣಿ. ಒಂದೇ ಒಂದು ಉಳಿದಿದೆ. ಮನೆಯಲ್ಲಿ ಕೆಲವರಿಗೆ ‘ಅಮ್ಮ’ ಹಳೆಯದು ಅನ್ನಿಸುತ್ತಿದೆ. ಅಮ್ಮ ತೆಗೆದು ಬರೀ ಚೆನ್ನ ಅಂತಲೋ ಚೆನ್ನಿಕಾ ಅಂತಲೋ ಇಟ್ಟರೆ?

ಪದಮೂಲ

ಚೆನ್ನ ಒಂಟಿಯಾಗಿ ನಿಂತರೆ ಗಂಡು ಹೆಸರು. ಚೆಲುವ, ಚೆಲುವೆ ಇದ್ದ ಹಾಗೆ ಹೆಣ್ಣಿಗೆ ಚೆನ್ನೆ ಅನ್ನಬಹುದು, ಕೇಳಲಿಕ್ಕೂ ಇಂಪು. ಆದರೆ ಕರಾವಳಿಯವರು ಚೆನ್ನೆಮಣೆ ಆಟವನ್ನು ನೆನೆದಾರು. ಚೆನ್ನಿಕಾ ಕನ್ನಡದ ಬುಡಕ್ಕೆ ಸಂಸ್ಕೃತದ ಬಾಲ ಕಟ್ಟಿದ್ದು, ನನಗೆ ಒಪ್ಪಿಗೆಯಿಲ್ಲ. ಚೆನ್ನಮ್ಮನನ್ನೇ ಇಡಿ ಮೇಡಂ. ಗುರು, ಗುರು, ಲಘು, ಐದು ಮಾತ್ರೆ. ದೂರದಿಂದ ಕೂಗಿದರೂ ಒಡೆಯುವುದಿಲ್ಲ, ಜೋಗುಳದ ಸಾಲಿಗೂ ಕೂರುತ್ತದೆ. ಚಿಕ್ಕದಾಗಿ ಕರೆಯಲು ಚೆನ್ನಿ, ಚೆನ್ನು ಇದ್ದೇ ಇವೆ.

ಮಲಪ್ರಭಾ_ದಂಡಿ

ಹೌದ್ರೀ ಅಕ್ಕಾರ. ಮನ್ಯಾಗ ಚೆನ್ನಿ ಅಂತ ಕರೀರಿ, ಕಾಗದದಾಗ ಚೆನ್ನಮ್ಮ ಬರಸ್ರಿ. ಸಾಲಿಗೆ ಹಚ್ಚೂ ದಿನ ಮನಿ ಹೆಸರು ಬಾಯಿಗೆ ಬರದಂಗ ನೋಡಕೊಳ್ರಿ.

ನೋಂದಣಿ_ನೆರವು

ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒಂದು ಸಾಲು ಬರೆದು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಕಚೇರಿಗೆ ಹೋದರೂ ಬಾಯಲ್ಲಿ ಹೇಳಬೇಡಿ, ಆ ಹಾಳೆಯನ್ನೇ ತೋರಿಸಿ.